ಪಿಎಚ್‌ಡಿ ಮುಗಿಯುತ್ತಿದೆ, ಕಂಪನಿಯ ಲ್ಯಾಬ್‌ಗೆ ಹೋಗುವುದು ಹೇಗೆ?

ಪ್ರಶ್ನೆ: ನಾನು ದಾವಣಗೆರೆಯವಳು. ಇಲ್ಲೇ ರಸಾಯನಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಎಲೆಯ ರಸವನ್ನು ಇಂಧನವಾಗಿ ಬಳಸಿ, ಕಂಬಶ್ಚನ್ ವಿಧಾನದಲ್ಲಿ (ದ್ರಾವಣವನ್ನೇ ಸುಟ್ಟು) ಝಿಂಕ್ ಆಕ್ಸೈಡ್ ನ್ಯಾನೋ ಪುಡಿ ಮಾಡಿ, ಅದರಿಂದ ನೀರಿನಲ್ಲಿರುವ ಬಣ್ಣ ತೆಗೆಯುವುದು ನನ್ನ ವಿಷಯ. ಸಿನಾಪ್ಸಿಸ್ (ಥೀಸಿಸ್‌ನ ಸಾರಾಂಶ) ಕೊಟ್ಟಾಗಿದೆ, ಥೀಸಿಸ್ ಬರೆಯುತ್ತಿದ್ದೇನೆ. ಎಸ್ಸೆಸ್ಸೆಲ್ಸಿವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಅತಿಥಿ ಉಪನ್ಯಾಸಕಿ ಆಗು, ಮನೆ ಹತ್ತಿರ ಇರಬಹುದು ಅಂತ ಅಪ್ಪ ಹೇಳುತ್ತಾರೆ. ಗೈಡ್ ಪೋಸ್ಟ್‌ಡಾಕ್ (ಪಿಎಚ್‌ಡಿ ನಂತರದ ತಾತ್ಕಾಲಿಕ ಸಂಶೋಧನೆ) ಮಾಡು ಅನ್ನುತ್ತಾರೆ. ನನಗೆ ಮಾತ್ರ ಕಂಪನಿಯ ಸಂಶೋಧನಾ ವಿಭಾಗಕ್ಕೆ ಸೇರುವ ಆಸೆ. ಹಲವು ಕಡೆ ಅರ್ಜಿ ಹಾಕಿದೆ, ಉತ್ತರವೇ ಬರಲಿಲ್ಲ. ರಾಜ್ಯ ವಿಶ್ವವಿದ್ಯಾಲಯದವರನ್ನು ಅವರು ತೆಗೆದುಕೊಳ್ಳುತ್ತಾರಾ? ನನ್ನ ವಿಷಯ ಅವರಿಗೆ ಬೇಕಾ? ಬೆಂಗಳೂರಿಗೇ ಹೋಗಬೇಕಾ?

ಉತ್ತರ: ನಿಮ್ಮ ಎರಡನೇ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಅದು ಬಗೆಹರಿದರೆ ಉಳಿದದ್ದು ಅರ್ಧ ಬಗೆಹರಿದ ಹಾಗೆ.

ನಿಮ್ಮ ವಿಷಯ ಕಂಪನಿಗಳಿಗೆ ಬೇಕಾ? ಬೇಡ. ಎಲೆಯ ರಸದಲ್ಲಿ ಝಿಂಕ್ ಆಕ್ಸೈಡ್ ಮಾಡಲು ಬರುವವರು ಬೇಕಾಗಿದ್ದಾರೆ ಅಂತ ಯಾರೂ ಜಾಹೀರಾತು ಕೊಡುವುದಿಲ್ಲ. ಬೇಜಾರು ಮಾಡಿಕೊಳ್ಳಬೇಡಿ. ದೊಡ್ಡ ದೊಡ್ಡ ಸಂಸ್ಥೆಗಳಲ್ಲಿ ಪಿಎಚ್‌ಡಿ ಮಾಡಿದವರ ವಿಷಯಕ್ಕೂ ಇದೇ ಗತಿ. ಕಂಪನಿ ಸೇರಿದ ಮೇಲೂ ತಮ್ಮ ಥೀಸಿಸ್ ವಿಷಯದ ಮೇಲೇ ಕೆಲಸ ಮಾಡುವವರು ಕಡಿಮೆ. ಆದರೆ ಇಷ್ಟು ವರ್ಷದಲ್ಲಿ ನಿಮ್ಮ ಕೈಗೂ ತಲೆಗೂ ಏನು ಬಂದಿದೆಯೋ ಅದು ಅವರಿಗೆ ಬೇಕು. ಅದನ್ನು ತೋರಿಸಿಕೊಳ್ಳುವ ಅಭ್ಯಾಸ ನಿಮಗಿಲ್ಲ, ಅಷ್ಟೇ. ಯಾಕೆಂದರೆ ವಿಶ್ವವಿದ್ಯಾಲಯದಲ್ಲಿ ಯಾರೂ ಅದನ್ನು ಕೇಳಿಲ್ಲ. ಅಲ್ಲಿ ಕೇಳುವುದು ಒಂದೇ: ಇದು ಹೊಸದಾ? ಹೊಸದಾದರೆ ಪೇಪರ್, ಪೇಪರ್ ಬಂದರೆ ಥೀಸಿಸ್.

ಕಂಪನಿಯಲ್ಲಿ ಕೇಳುವುದು ಬೇರೆ. ನಾಳೆ ಮಾಡಿದರೂ ಇದು ಹೀಗೇ ಬರುತ್ತದಾ? ನೀವು ರಜೆ ಹಾಕಿದ ದಿನ ಇನ್ನೊಬ್ಬರು ಮಾಡಿದರೂ ಬರುತ್ತದಾ? ಕೆಜಿಗೆ ಎಷ್ಟು ಬೀಳುತ್ತದೆ? ಸಂದರ್ಶನ ಮಾಡುವವರ ಸಾಲಿನಲ್ಲಿ ಕೂತು ಬಹಳ ಜನರನ್ನು ನೋಡಿದ್ದೇನೆ. ಒಳ್ಳೊಳ್ಳೆ ಹುಡುಗ ಹುಡುಗಿಯರು ಎಡವುವುದು ಇಲ್ಲೇ. ಅವರಿಗೆ ರಸಾಯನಶಾಸ್ತ್ರ ಚೆನ್ನಾಗೇ ಗೊತ್ತಿರುತ್ತದೆ. ಈ ಪ್ರಶ್ನೆಗಳನ್ನು ಮಾತ್ರ ತಮಗೆ ತಾವು ಒಮ್ಮೆಯೂ ಕೇಳಿಕೊಂಡಿರುವುದಿಲ್ಲ.

ನಿಮ್ಮದೇ ಪ್ರಯೋಗ ತೆಗೆದುಕೊಳ್ಳೋಣ. ಸೊಲ್ಯೂಷನ್ ಕಂಬಶ್ಚನ್ ನಮ್ಮ ಕರ್ನಾಟಕದಲ್ಲೇ ಬೆಳೆದ ವಿಧಾನ. ಬೆಂಗಳೂರಿನ ಐಐಎಸ್‌ಸಿಯಲ್ಲಿ (ಭಾರತೀಯ ವಿಜ್ಞಾನ ಸಂಸ್ಥೆ) ಪ್ರೊ. ಕೆ.ಸಿ. ಪಾಟೀಲ್ ಮತ್ತು ಅವರ ವಿದ್ಯಾರ್ಥಿಗಳು 1980ರ ದಶಕದಲ್ಲಿ ಇದನ್ನು ಬೆಳೆಸಿದರು. ಯೂರಿಯಾ ಹಾಕಿ ಸುಟ್ಟು ಅಲ್ಯೂಮಿನಾ ಮಾಡಿದ ಅವರ ಪೇಪರ್ 1988ರದ್ದು. ದುಬಾರಿ ಉಪಕರಣ ಬೇಡ, ಒಂದು ಮಫಲ್ ಫರ್ನೇಸ್ (ಲ್ಯಾಬಿನ ಕುಲುಮೆ) ಇದ್ದರೆ ಸಾಕು. ಹಾಗಾಗಿ ನಮ್ಮ ರಾಜ್ಯದ ವಿಶ್ವವಿದ್ಯಾಲಯಗಳ ತುಂಬ ಹಬ್ಬಿತು. ಝಿಂಕ್ ನೈಟ್ರೇಟ್, ಎಲೆಯ ರಸ, ಸ್ವಲ್ಪ ನೀರು, ಒಂದು ಬಟ್ಟಲು. 500 ಡಿಗ್ರಿಗೆ ಕಾದ ಫರ್ನೇಸ್ ಒಳಗೆ ಇಟ್ಟರೆ ಕುದಿಯುತ್ತದೆ, ನೊರೆ ಏಳುತ್ತದೆ, ಒಂದು ಮೂಲೆಯಲ್ಲಿ ಕಿಡಿ ಹತ್ತಿ ಇಡೀ ಬಟ್ಟಲಿಗೆ ಹರಡುತ್ತದೆ. ಐದು ನಿಮಿಷದೊಳಗೆ ಮಂಡಕ್ಕಿ ಹಾಗೆ ಉಬ್ಬಿದ ಹಗುರ ಪುಡಿ ರೆಡಿ. ಜೊತೆಗೆ ಒಂದಿಷ್ಟು ಕಂದು ಹೊಗೆಯೂ ಬರುತ್ತದೆ, ಅಲ್ವಾ? ಅದನ್ನು ಮಾತ್ರ ಥೀಸಿಸ್‌ನಲ್ಲಿ ಯಾರೂ ಬರೆಯುವುದಿಲ್ಲ.

ಈಗ ಸಂದರ್ಶನದ ಕೋಣೆಗೆ ಬನ್ನಿ. ಒಂದು ಸಲಕ್ಕೆ ಎಷ್ಟು ಪುಡಿ ಸಿಗುತ್ತದೆ ಅಂತ ಕೇಳುತ್ತಾರೆ. ಎರಡು ಗ್ರಾಂ ಅನ್ನುತ್ತೀರಿ. ಎರಡು ಕೆಜಿ ಬೇಕಾದರೆ? ‘ಎಲ್ಲವನ್ನೂ ಸಾವಿರ ಪಟ್ಟು ತೆಗೆದುಕೊಳ್ಳುತ್ತೇನೆ’ ಅಂದರೆ ಸಂದರ್ಶನ ಅಲ್ಲಿಗೇ ಮುಗಿದ ಹಾಗೆ. ಲೆಕ್ಕ ಹಾಕಿ ನೋಡಿ. ಬಟ್ಟಲನ್ನು ಉದ್ದ, ಅಗಲ, ಎತ್ತರ ಮೂರರಲ್ಲೂ ಹತ್ತು ಪಟ್ಟು ದೊಡ್ಡದು ಮಾಡಿದರೆ ಒಳಗೆ ಹಿಡಿಯುವುದು ಸಾವಿರ ಪಟ್ಟು. ಹೊರಮೈ ಬೆಳೆಯುವುದು ನೂರು ಪಟ್ಟು ಮಾತ್ರ. ಅಂದರೆ ಒಂದೊಂದು ಗ್ರಾಂನ ಬಿಸಿ ಹೊರಗೆ ಹೋಗಲು ಮೊದಲಿದ್ದ ಜಾಗದಲ್ಲಿ ಹತ್ತನೇ ಒಂದು ಪಾಲಷ್ಟೇ ಉಳಿಯಿತು. ಒಳಗಿರುವುದು ನೈಟ್ರೇಟ್ ಮತ್ತು ಅದರ ಜೊತೆ ಉರಿಯುವ ಪದಾರ್ಥ. ಈ ವಿಧಾನದಲ್ಲಿ ಇಂಧನದ ಪ್ರಮಾಣ ಲೆಕ್ಕ ಹಾಕುತ್ತೀರಲ್ಲ, ಆ ಲೆಕ್ಕ ಬಂದಿರುವುದೇ ರಾಕೆಟ್ ಇಂಧನದ ರಸಾಯನಶಾಸ್ತ್ರದಿಂದ. ಎರಡು ಗ್ರಾಂನಲ್ಲಿ ಚೆಂದ ಕಾಣುವ ಬೆಂಕಿ ಎರಡು ಕೆಜಿಗೆ ಹೋದಾಗ ಫರ್ನೇಸ್ ಬಾಗಿಲನ್ನೇ ಕಿತ್ತುಕೊಂಡು ಬರಬಹುದು.

ಹಾಗಾದರೆ ಏನು ಹೇಳಬೇಕು? ‘ಒಂದೇ ದೊಡ್ಡ ಬಟ್ಟಲಿನಲ್ಲಿ ಮಾಡುವುದಿಲ್ಲ. ದ್ರಾವಣವನ್ನು ಬಿಸಿ ಜಾಗಕ್ಕೆ ಸ್ವಲ್ಪ ಸ್ವಲ್ಪವೇ ಬಿಡುತ್ತಾ ಹೋಗುವ ದಾರಿ ನೋಡುತ್ತೇನೆ. ಸ್ಪ್ರೇ ಮಾಡಿ ಸುಡುವುದು ಆಗುತ್ತದಾ ನೋಡುತ್ತೇನೆ. ಹೊಗೆಯಲ್ಲಿ ನೈಟ್ರೋಜನ್ ಆಕ್ಸೈಡ್ ಇರುತ್ತದೆ, ಅದಕ್ಕೆ ಸ್ಕ್ರಬ್ಬರ್ (ಹೊಗೆ ತೊಳೆಯುವ ಉಪಕರಣ) ಬೇಕು.’ ಇಷ್ಟು ಹೇಳಿದರೆ ಎದುರಿಗಿದ್ದವರು ಕಿವಿ ನೆಟ್ಟಗೆ ಮಾಡುತ್ತಾರೆ. ಉತ್ತರ ಪೂರ್ತಿ ಸರಿ ಇರಬೇಕು ಅಂತೇನಿಲ್ಲ. ದೊಡ್ಡದು ಮಾಡಿದಾಗ ಯಾವುದು ಕೈಕೊಡುತ್ತದೆ ಅಂತ ನೀವು ಯೋಚಿಸಿದ್ದೀರಾ ಅನ್ನುವುದನ್ನು ಅವರು ನೋಡುತ್ತಾರೆ.

ಆಮೇಲೆ ಎಲೆ. ಬೇವು, ತುಳಸಿ, ಲೋಳೆಸರ, ನುಗ್ಗೆ ಎಲ್ಲ ಆಗಿ, ಈಗ ಯಾವ ಗಿಡ ಬಾಕಿ ಇದೆ ಅಂತ ಹುಡುಕುವ ಹಾಗಾಗಿದೆ. ಕೇಳುವವರು ಕೇಳಿಯೇ ಕೇಳುತ್ತಾರೆ: ಏಪ್ರಿಲ್‌ನಲ್ಲಿ ಕಿತ್ತ ಎಲೆ, ಆಗಸ್ಟ್‌ನಲ್ಲಿ ಕಿತ್ತ ಎಲೆ, ಎರಡರ ರಸವೂ ಒಂದೇನಾ? ಚಿತ್ರದುರ್ಗದ ಬಿಸಿಲಿನ ಗಿಡಕ್ಕೂ ಶಿವಮೊಗ್ಗದ ಮಳೆಯ ಗಿಡಕ್ಕೂ ವ್ಯತ್ಯಾಸ ಇಲ್ವಾ? ರಸದಲ್ಲಿ ಸುಡುವ ಅಂಶ ಎಷ್ಟಿದೆ ಅಂತ ಅಳೆದಿದ್ದೀರಾ? ಯೂರಿಯಾ ಅಥವಾ ಗ್ಲೈಸಿನ್ ಹಾಕಿ ಮಾಡಿದ ಪುಡಿಗಿಂತ ನಿಮ್ಮದು ಯಾವುದರಲ್ಲಿ ಮೇಲು? ಕೊನೆಯ ಪ್ರಶ್ನೆಗೆ ‘ಹೋಲಿಸಿ ನೋಡಿದೆ, ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ’ ಅನ್ನುವುದು ನಿಮ್ಮ ಅನುಭವವಾಗಿದ್ದರೆ ಹಾಗೇ ಹೇಳಿ. ನಾನಂತೂ ಆ ಉತ್ತರಕ್ಕೆ ಒಳ್ಳೆ ಮಾರ್ಕ್ ಕೊಡುತ್ತೇನೆ. ಪ್ರಾಜೆಕ್ಟ್ ನಡೆಯುವುದಿಲ್ಲ ಅಂತ ಬೇಗ ಹೇಳಬಲ್ಲವರು ಕಂಪನಿಗೆ ಬಹಳ ದುಡ್ಡು ಉಳಿಸುತ್ತಾರೆ.

ಬಣ್ಣ ತೆಗೆಯುವ ಭಾಗಕ್ಕೆ ಇನ್ನೂ ಜಾಸ್ತಿ ತಯಾರಿ ಬೇಕು. ನಿಮ್ಮದು ಮೆಥಿಲಿನ್ ಬ್ಲೂ ಇರಬೇಕು, ಹೆಚ್ಚಿನವರದ್ದು ಅದೇ. ಆ ಬಣ್ಣ ತಾನೇ ಬೆಳಕನ್ನು ಹೀರುತ್ತದೆ. ಕಣ್ಣಿಗೆ ಕಾಣುವ ಬೆಳಕಿನಲ್ಲಿ ಪ್ರಯೋಗ ಮಾಡಿದ್ದರೆ, ಬಣ್ಣ ಹೋದದ್ದು ನಿಮ್ಮ ಪುಡಿಯ ಗುಣದಿಂದಲೋ ಬಣ್ಣವೇ ಬೆಳಕು ಹೀರಿದ್ದರಿಂದಲೋ ಅಂತ ಬೇರೆ ಮಾಡಿ ತೋರಿಸಬೇಕಾಗುತ್ತದೆ. ಇನ್ನು, ನೀಲಿ ಹೋಯಿತು ಅಂದರೆ ನೀರು ಶುದ್ಧವಾಯಿತು ಅಂತಲ್ಲ. ಕಾರ್ಖಾನೆಯವರು ನೋಡುವುದು ಸಿಒಡಿ, ಅಂದರೆ ನೀರಿನಲ್ಲಿರುವ ಕೊಳೆಯನ್ನು ರಾಸಾಯನಿಕವಾಗಿ ಉತ್ಕರ್ಷಿಸಲು ಬೇಕಾಗುವ ಆಮ್ಲಜನಕದ ಅಳತೆ. ಹೊಳೆ, ಕೆರೆಗೆ ಬಿಡುವ ನೀರಿಗೆ ಪರಿಸರ ಸಂರಕ್ಷಣಾ ನಿಯಮಗಳಲ್ಲಿರುವ ಸಾಮಾನ್ಯ ಮಿತಿ ಲೀಟರಿಗೆ 250 ಮಿಲಿಗ್ರಾಂ ಸಿಒಡಿ. ಅದೇ ನಿಯಮದಲ್ಲಿ ಝಿಂಕ್‌ಗೆ 5 ಮಿಲಿಗ್ರಾಂ ಮಿತಿ ಇದೆ. ಝಿಂಕ್ ಆಕ್ಸೈಡ್ ನೀರಿನಲ್ಲಿ ಬೆಳಕು ಬಿದ್ದರೆ ತಾನೇ ಸವೆಯುತ್ತದೆ, ಹುಳಿ ನೀರಾದರೆ ಕರಗಿಯೇ ಹೋಗುತ್ತದೆ. ಹೊರಗೆ ಹೋಗುವ ನೀರಿನಲ್ಲಿ ಎಷ್ಟು ಝಿಂಕ್ ಇದೆ ಅಂತ ಅಳೆಸಿದ್ದೀರಾ? ನ್ಯಾನೋ ಪುಡಿಯನ್ನು ನೀರಿನಿಂದ ವಾಪಸ್ ತೆಗೆಯುವುದು ಹೇಗೆ? ಲ್ಯಾಬಿನಲ್ಲಿ ಸೆಂಟ್ರಿಫ್ಯೂಜ್ ಮಾಡುತ್ತೀರಿ. ಕಾರ್ಖಾನೆಯಲ್ಲಿ ದಿನಕ್ಕೆ ಟ್ಯಾಂಕರ್‌ಗಟ್ಟಲೆ ನೀರು ಬರುತ್ತದೆ.

ಬೆಲೆ ಕೇಳಿದಾಗ ಬಹಳ ಜನ ತಡವರಿಸುತ್ತಾರೆ. ಝಿಂಕ್ ಆಕ್ಸೈಡನ್ನು ಅತಿ ಹೆಚ್ಚು ಕೊಳ್ಳುವವರು ಯಾರು ಗೊತ್ತಾ? ರಬ್ಬರ್ ಮತ್ತು ಟೈರ್‌ನವರು. ಕಾರ್ಖಾನೆಗಳಲ್ಲಿ ಅದನ್ನು ಹೆಚ್ಚಾಗಿ ಮಾಡುವುದು ಝಿಂಕ್ ಲೋಹವನ್ನು ಆವಿ ಮಾಡಿ ಗಾಳಿಯಲ್ಲಿ ಸುಟ್ಟು, ಫ್ರೆಂಚ್ ಪ್ರಕ್ರಿಯೆ ಅಂತ ಅದಕ್ಕೆ ಹೆಸರು. ಆ ಅಗ್ಗದ ಪುಡಿಯ ಎದುರು ನಿಮ್ಮ ಪುಡಿ ಯಾವ ಕೆಲಸಕ್ಕೆ ನಿಲ್ಲುತ್ತದೆ? ಟೈರ್‌ಗೆ ಖಂಡಿತ ನಿಲ್ಲುವುದಿಲ್ಲ. ಎಲ್ಲಿ ನಿಲ್ಲಬಹುದು ಅಂತ ಒಂದು ಪುಟ ಬರೆದು ಇಟ್ಟುಕೊಳ್ಳಿ. ನೈಟ್ರೇಟ್‌ನ ಬೆಲೆ, ಕರೆಂಟಿನ ಲೆಕ್ಕ, ಎಷ್ಟು ಹಾಕಿದರೆ ಎಷ್ಟು ಸಿಗುತ್ತದೆ ಎಲ್ಲ ಇರಲಿ. ಆ ಒಂದು ಪುಟ ನಿಮ್ಮ ಇನ್ನೊಂದು ಪೇಪರ್‌ಗಿಂತ ಜಾಸ್ತಿ ಕೆಲಸಕ್ಕೆ ಬರುತ್ತದೆ.

ಇದೆಲ್ಲ ಓದಿ ‘ಅಯ್ಯೋ, ನಾನು ಇದ್ಯಾವುದನ್ನೂ ಮಾಡಿಲ್ಲ’ ಅನ್ನಿಸಿದರೆ ಒಂದು ಸಮಾಧಾನ ಇದೆ. ನಿಮ್ಮ ಕೈಯಲ್ಲಿ ಇನ್ನೂ ಲ್ಯಾಬ್ ಇದೆ. ಥೀಸಿಸ್ ಕೊಟ್ಟ ಮರುದಿನ ಅದು ಇರುವುದಿಲ್ಲ. ಈಗಲೇ ಎರಡು ವಾರ ಬರವಣಿಗೆ ಬದಿಗಿಟ್ಟು, ನಿಮ್ಮ ಅತ್ಯುತ್ತಮ ಪುಡಿಯನ್ನು ಐದಾರು ಸಲ ಮಾಡಿ. ಎರಡು ಸಲ ಜೂನಿಯರ್ ಕೈಗೆ ನಿಮ್ಮ ವಿಧಾನದ ಹಾಳೆ ಕೊಟ್ಟು ಮಾಡಿಸಿ, ನೀವು ಬಾಯಿ ಬಿಡಬೇಡಿ. ಎಲ್ಲವನ್ನೂ ಒಂದೇ ದಿನ ಒಂದೇ ಯಂತ್ರದಲ್ಲಿ ಎಕ್ಸ್‌ಆರ್‌ಡಿ (ಎಕ್ಸ್-ರೇ ಹಾಯಿಸಿ ಸ್ಫಟಿಕ ನೋಡುವ ಪರೀಕ್ಷೆ) ಮಾಡಿಸಿ. ಬಣ್ಣದ ಪ್ರಯೋಗವನ್ನೂ ಹಾಗೇ ಮಾಡಿ. ಸಲದಿಂದ ಸಲಕ್ಕೆ ಎಷ್ಟು ಏರುಪೇರಾಗುತ್ತದೆ, ಯಾವ ಹಂತದಲ್ಲಿ ಆಗುತ್ತದೆ ನೋಡಿ. ಬಹುಶಃ ಜೂನಿಯರ್ ಮಾಡಿದಾಗ ಬೇರೆಯೇ ಬರುತ್ತದೆ. ಬರಲಿ. ಯಾಕೆ ಅಂತ ಹುಡುಕಿ. ರಸವನ್ನು ಎಷ್ಟು ಹೊತ್ತು ಕುದಿಸಿದರು, ಬಟ್ಟಲನ್ನು ಫರ್ನೇಸ್‌ನ ಬಾಗಿಲ ಬಳಿ ಇಟ್ಟರೋ ಹಿಂದೆ ತಳ್ಳಿದರೋ ಅನ್ನುವಂಥ ಚಿಕ್ಕ ವಿಷಯ ಇರುತ್ತದೆ. ಸಂದರ್ಶನದಲ್ಲಿ ಹೇಳಲು ಇದಕ್ಕಿಂತ ಒಳ್ಳೆ ಕಥೆ ನಿಮಗೆ ಸಿಗುವುದಿಲ್ಲ.

ಇನ್ನೊಂದು ಜಾಗದಲ್ಲಿ ಹುಷಾರಾಗಿರಿ. ನಮ್ಮ ಕಡೆಯ ನ್ಯಾನೋ ಥೀಸಿಸ್ ಅಂದರೆ ಶೆರರ್ ಸೂತ್ರ ಇರಲೇಬೇಕು, ಎಕ್ಸ್‌ಆರ್‌ಡಿ ಪೀಕ್‌ನ ಅಗಲದಿಂದ ಗಾತ್ರ ಲೆಕ್ಕ ಹಾಕುವ ಸೂತ್ರ ಅದು. ‘ಶೆರರ್‌ನಲ್ಲಿ 22 ನ್ಯಾನೋಮೀಟರ್, ಟಿಇಎಂನಲ್ಲಿ 60. ಯಾವುದು ಸರಿ?’ ಅಂತ ಕೇಳುತ್ತಾರೆ. ಎರಡೂ ಸರಿ ಇರಬಹುದು. ಶೆರರ್ ಕೊಡುವುದು ಒಂದೊಂದು ಸ್ಫಟಿಕದ ಗಾತ್ರ. ಟಿಇಎಂ ಅನ್ನುವ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಾಣುವುದು ಕಣ, ಒಂದು ಕಣದಲ್ಲಿ ಹಲವು ಸ್ಫಟಿಕ ಇರಬಹುದು. ಯಂತ್ರದಿಂದಲೇ ಪೀಕ್ ಎಷ್ಟು ಅಗಲವಾಗುತ್ತದೆ, ಅದನ್ನು ಕಳೆದಿರಾ ಅಂತಲೂ ಕೇಳಬಹುದು. ‘500 ಡಿಗ್ರಿಯೇ ಯಾಕೆ?’ ಅಂದಾಗ ‘ಪೇಪರ್‌ನಲ್ಲಿ ಹಾಗಿತ್ತು’ ಅನ್ನುವ ಉತ್ತರ ಕೊಡಬೇಡಿ. ಸ್ಯಾಂಪಲ್ ಕಳಿಸಿ ಫೋಟೋ ತರಿಸಿಕೊಂಡಿದ್ದರೆ ಹಾಗೇ ಹೇಳಿ. ಟಿಇಎಂ ನಾನೇ ಓಡಿಸಿದೆ ಅಂತ ಬಿಲ್ಡಪ್ ಕೊಟ್ಟರೆ ಎರಡನೇ ಪ್ರಶ್ನೆಗೇ ಸಿಕ್ಕಿಬೀಳುತ್ತೀರಿ.

ಸ್ಯಾಂಪಲ್ ಕಳಿಸುವುದನ್ನು ನಮ್ಮ ಹುಡುಗರು ಅವಮಾನ ಅಂದುಕೊಳ್ಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಕೊಚ್ಚಿಯ ಎಸ್‌ಟಿಐಸಿ, ಮದ್ರಾಸ್ ಐಐಟಿಯ ಸೈಫ್‌ನಂಥ ಪರೀಕ್ಷಾ ಕೇಂದ್ರಗಳಿಗೆ ಕಳಿಸಬೇಕಾದರೆ ಯಾವ ಸ್ಯಾಂಪಲ್‌ಗೆ ದುಡ್ಡು ಹಾಕಬೇಕು, ಯಾವುದಕ್ಕೆ ಬೇಡ ಅಂತ ಮೊದಲೇ ತೀರ್ಮಾನಿಸಬೇಕು. ಹೆಸರು ಹಾಕಿ ಪ್ಯಾಕ್ ಮಾಡಬೇಕು, ವಾರಗಟ್ಟಲೆ ಕಾಯಬೇಕು, ತಪ್ಪಾಗಿ ಬಂದರೆ ಫೋನ್ ಹಚ್ಚಬೇಕು. ಎಲ್ಲ ಯಂತ್ರವೂ ಕೆಳಗಿನ ಮಹಡಿಯಲ್ಲೇ ಇರುವವರಿಗೆ ಈ ಅಭ್ಯಾಸ ಇರುವುದಿಲ್ಲ. ಇದು ಕಂಪನಿಯಲ್ಲಿ ದಿನಾ ಬೇಕಾಗುವ ಬುದ್ಧಿ. ಸಿ.ವಿ.ಯಲ್ಲಿ ಒಂದು ಸಾಲು ಇದಕ್ಕಿರಲಿ.

ಸಿ.ವಿ. ಅಂದಾಗ ನೆನಪಾಯಿತು. ನಿಮಗೆ ಉತ್ತರ ಬರದಿರುವುದಕ್ಕೆ ಅರ್ಧ ಕಾರಣ ಅದೇ ಇರಬೇಕು. ಆರು ಪುಟ, ಹೋದ ಎಲ್ಲ ಕಾನ್ಫರೆನ್ಸ್‌ಗಳ ಪಟ್ಟಿ, ಕೊನೆಯಲ್ಲಿ ಅಪ್ಪನ ಹೆಸರು, ಜಾತಿ, ಧರ್ಮ. ಇವೆಲ್ಲ ತೆಗೆಯಿರಿ. ಎರಡು ಪುಟ ಸಾಕು. ಈಗ ನಿಮ್ಮದರಲ್ಲಿ ‘ಹಸಿರು ವಿಧಾನದಲ್ಲಿ ಝಿಂಕ್ ಆಕ್ಸೈಡ್ ನ್ಯಾನೋಕಣಗಳ ತಯಾರಿಕೆ, ಗುಣಲಕ್ಷಣ ಮತ್ತು ಅನ್ವಯ’ ಅಂತ ಇರುತ್ತದೆ. ಅದರ ಬದಲು ಹೀಗೆ ಬರೆಯಿರಿ: ‘ಒಂದೇ ಪುಡಿಯನ್ನು ಇಬ್ಬರು ಬೇರೆ ಬೇರೆ ಮಾಡಿದಾಗ ಗಾತ್ರದಲ್ಲಿ ಬರುತ್ತಿದ್ದ ಏರುಪೇರಿಗೆ ಕಾರಣ ಕಂಡುಹಿಡಿದು, ಅದನ್ನು ಇಂತಿಷ್ಟಕ್ಕೆ ಇಳಿಸಿದೆ.’ ಸಂಖ್ಯೆ ನಿಮ್ಮ ಪ್ರಯೋಗದ್ದೇ ಹಾಕಿ, ಸುಳ್ಳು ಬೇಡ. ಜಾಹೀರಾತಿನಲ್ಲಿರುವ ತಂತ್ರಗಳ ಹೆಸರನ್ನು, ನಿಮಗೆ ನಿಜವಾಗಿ ಬರುವುದಾದರೆ, ಅವರು ಬರೆದ ಹಾಗೇ ಬರೆಯಿರಿ. ಮೊದಲ ಜರಡಿ ಹಿಡಿಯುವವರು ಎಚ್‌ಆರ್‌ನವರು ಅಥವಾ ಸಾಫ್ಟ್‌ವೇರ್. ಅವರಿಗೆ ರಸಾಯನಶಾಸ್ತ್ರ ಗೊತ್ತಿರಬೇಕು ಅಂತೇನಿಲ್ಲ.

ರಾಜ್ಯ ವಿಶ್ವವಿದ್ಯಾಲಯ ಅಂದರೆ ಹಿಂದೇಟು ಹಾಕುತ್ತಾರಾ? ಕೆಲವರು ಹಾಕುತ್ತಾರೆ. ಬಹುರಾಷ್ಟ್ರೀಯ ಕಂಪನಿಗಳ ಕೆಲವು ಲ್ಯಾಬ್‌ಗಳಿಗೆ ಐಐಎಸ್‌ಸಿ, ಐಐಟಿ, ಎನ್‌ಸಿಎಲ್ (ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ) ಬಿಟ್ಟರೆ ಬೇರೆಯವರು ಕಣ್ಣಿಗೇ ಬೀಳುವುದಿಲ್ಲ. ಸುಮ್ನೆ ಅಲ್ಲಿಗೇ ಅರ್ಜಿ ಹಾಕುತ್ತಾ ಕೂತರೆ ವರ್ಷ ಕಳೆದುಹೋಗುತ್ತದೆ. ಅಂಥ ಕಡೆ ಒಳಗಿರುವವರು ನಿಮ್ಮ ಹೆಸರು ಕೊಟ್ಟರೆ ಮಾತ್ರ ಸಿ.ವಿ. ಓದುತ್ತಾರೆ. ನಿಮ್ಮ ವಿಭಾಗದಿಂದ ಹೋದ ಸೀನಿಯರ್‌ಗಳನ್ನು ಹುಡುಕಿ, ಕೆಲಸ ಕೊಡಿಸಿ ಅಂತ ಕೇಳಬೇಡಿ, ‘ಅಕ್ಕಾ, ನಿಮ್ಮ ಕೆಲಸ ದಿನಾ ಹೇಗಿರುತ್ತದೆ, ಹದಿನೈದು ನಿಮಿಷ ಮಾತಾಡಬಹುದಾ’ ಅಂತ ಕೇಳಿ. ಹೆಚ್ಚಿನವರು ಖುಷಿಯಿಂದ ಮಾತಾಡುತ್ತಾರೆ.

ಎಲ್ಲಿಗೆ ಹಾಕಬೇಕು ಅನ್ನುವುದು ಮುಂದಿನ ಮಾತು. ಬೆಂಗಳೂರಿನಲ್ಲಿ ಕೆಮಿಸ್ಟ್‌ಗಳನ್ನು ದೊಡ್ಡ ಸಂಖ್ಯೆಯಲ್ಲಿ ತೆಗೆದುಕೊಳ್ಳುವವರು ಸಿಂಜೀನ್‌ನಂಥ ಕಾಂಟ್ರಾಕ್ಟ್ ರಿಸರ್ಚ್ ಕಂಪನಿಗಳು, ಅಂದರೆ ಬೇರೆ ಕಂಪನಿಗಳಿಗಾಗಿ ಸಂಶೋಧನೆ ಮಾಡಿಕೊಡುವವು. ಹೈದರಾಬಾದಿನಲ್ಲೂ ಇಂಥವು ಬಹಳ ಇವೆ. ಆದರೆ ಅಲ್ಲಿ ಬೇಕಾಗುವುದು ಮುಖ್ಯವಾಗಿ ಆರ್ಗ್ಯಾನಿಕ್ ಸಿಂಥೆಸಿಸ್, ಅನಲಿಟಿಕಲ್, ಜೀವಶಾಸ್ತ್ರ. ನಿಮ್ಮಂಥ ಮೆಟೀರಿಯಲ್ಸ್‌ನವರಿಗೆ ಅಲ್ಲಿ ಅನಲಿಟಿಕಲ್ ವಿಭಾಗ ಹತ್ತಿರ. ನೇರವಾಗಿ ನಿಮ್ಮ ಕ್ಷೇತ್ರ ಅಂದರೆ ವೇಗವರ್ಧಕ, ಸೆರಾಮಿಕ್, ಪೇಂಟ್ ಮತ್ತು ಕೋಟಿಂಗ್, ಬ್ಯಾಟರಿ. ವೈಟ್‌ಫೀಲ್ಡ್‌ನಲ್ಲಿ 2000ನೇ ಇಸವಿಯಲ್ಲಿ ಜಿಇ ಶುರು ಮಾಡಿದ ಜಾನ್ ಎಫ್. ವೆಲ್ಚ್ ಟೆಕ್ನಾಲಜಿ ಸೆಂಟರ್, ಶೆಲ್ ಮತ್ತು ಸಾಬಿಕ್‌ನವರ ಬೆಂಗಳೂರಿನ ಲ್ಯಾಬ್‌ಗಳು, ಚೆನ್ನೈನ ಸೇಂಟ್-ಗೋಬೇನ್ ರಿಸರ್ಚ್, ಪುಣೆಯ ಟಾಟಾ ಕೆಮಿಕಲ್ಸ್ ಇನ್ನೋವೇಷನ್ ಸೆಂಟರ್ ಈ ಸಾಲಿನವು. ಉಪಕರಣ ಮಾರುವ ಕಂಪನಿಗಳನ್ನು ನಮ್ಮವರು ಯಾಕೋ ಮರೆಯುತ್ತಾರೆ. ಅಲ್ಲಿ ಅಪ್ಲಿಕೇಷನ್ ಸೈಂಟಿಸ್ಟ್ ಅಂತ ಹುದ್ದೆ ಇರುತ್ತದೆ. ಎಕ್ಸ್‌ಆರ್‌ಡಿಯನ್ನೋ ಎಚ್‌ಪಿಎಲ್‌ಸಿಯನ್ನೋ (ಮಿಶ್ರಣದ ಅಂಶಗಳನ್ನು ಬೇರ್ಪಡಿಸುವ ಯಂತ್ರ) ಬೇರೆಯವರ ಸಮಸ್ಯೆಗೆ ಹೊಂದಿಸಿ ಕೊಡುವ ಕೆಲಸ. ಓಡಾಟ ಜಾಸ್ತಿ, ಕಲಿಕೆಯೂ ಜಾಸ್ತಿ.

ಹುದ್ದೆಯ ಹೆಸರು ನೋಡಿ ಮೋಸ ಹೋಗಬೇಡಿ. ವಿಶ್ವವಿದ್ಯಾಲಯದಲ್ಲಿ ರಿಸರ್ಚ್ ಅಸೋಸಿಯೇಟ್ ಅಂದರೆ ಪಿಎಚ್‌ಡಿ ಆದವರು. ಕಾಂಟ್ರಾಕ್ಟ್ ರಿಸರ್ಚ್‌ನಲ್ಲಿ ಅದೇ ಹೆಸರಿನ ಹುದ್ದೆ ಸಾಮಾನ್ಯವಾಗಿ ಎಂಎಸ್ಸಿಯವರಿಗೆ. ನಿಮ್ಮದು ಸೈಂಟಿಸ್ಟ್ ಅಂತ ಶುರುವಾಗುವ ದರ್ಜೆ ಇರಬೇಕು. ಕೆಳಗಿನ ದರ್ಜೆಗೆ ಸೇರಿ ಆಮೇಲೆ ಏರುತ್ತೇನೆ ಅನ್ನುವುದು ಹೇಳುವಷ್ಟು ಸುಲಭ ಅಲ್ಲ.

ಬೆಂಗಳೂರಿಗೇ ಹೋಗಬೇಕಾ ಅಂದಿರಿ. ಸಂಶೋಧನೆಯೇ ಬೇಕು ಅಂದರೆ ಹೌದು, ಅಥವಾ ಹೈದರಾಬಾದ್, ಪುಣೆ. ನಮ್ಮ ಸುತ್ತಮುತ್ತ ಹರಿಹರದ ಪಕ್ಕ ಕುಮಾರಪಟ್ಟಣದಲ್ಲಿ ಪಲ್ಪ್ ಮತ್ತು ಫೈಬರ್ ಕಾರ್ಖಾನೆ ಇದೆ, ತೋರಣಗಲ್ಲಿನಲ್ಲಿ ಜೆಎಸ್‌ಡಬ್ಲ್ಯು ಉಕ್ಕಿನ ಕಾರ್ಖಾನೆ ಇದೆ, ಅಲ್ಲಿ ಆರ್ ಅಂಡ್ ಡಿ ವಿಭಾಗವೂ ಇದೆ. ಸಕ್ಕರೆ ಮತ್ತು ಎಥೆನಾಲ್ ಘಟಕಗಳೂ ಇವೆ. ಆದರೆ ಇಂಥ ಕಡೆ ಕೆಲಸ ಹೆಚ್ಚಾಗಿ ಕ್ವಾಲಿಟಿ ಮತ್ತು ಪ್ರೊಸೆಸ್‌ನದ್ದು. ಅದು ಕಡಿಮೆ ಅಂತ ನಾನು ಹೇಳುವುದಿಲ್ಲ. ಪ್ಲಾಂಟ್ ನೋಡಿ ಬಂದವರು ಲ್ಯಾಬಿನಲ್ಲಿ ಅವಾಸ್ತವ ಪ್ರಯೋಗ ಮಾಡುವುದಿಲ್ಲ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಹತ್ತಿರ ಡಿಆರ್‌ಡಿಒ, ಐಐಎಸ್‌ಸಿ, ಬಿಎಆರ್‌ಸಿಗೆ ಜಾಗ ಕೊಟ್ಟಿದ್ದಾರಲ್ಲ, ಅಲ್ಲಿ ಕೆಲಸ ಸಿಗುತ್ತದಾ ಅಂತ ಬಹಳ ಜನ ಕೇಳುತ್ತಾರೆ. ಅವು ಸರ್ಕಾರಿ ಸಂಸ್ಥೆಗಳು, ನೇಮಕಾತಿ ದೇಶದ ಮಟ್ಟದಲ್ಲಿ ನಡೆಯುತ್ತದೆ. ಊರು ಹತ್ತಿರ ಅನ್ನುವುದರಿಂದ ಏನೂ ಲಾಭ ಇಲ್ಲ.

ಪೋಸ್ಟ್‌ಡಾಕ್ ವಿಷಯದಲ್ಲಿ ನಿಮ್ಮ ಗೈಡ್ ಹೇಳುವುದು ಪೂರ್ತಿ ತಪ್ಪಲ್ಲ. ಆದರೆ ಇನ್ನೊಂದು ಎಲೆ, ಇನ್ನೊಂದು ಆಕ್ಸೈಡ್ ಆಗುವುದಾದರೆ ಬೇಡವೇ ಬೇಡ. ನಿಮಗೆ ಬಾರದ ಒಂದು ತಂತ್ರ ಕೈಗೆ ಬರುವಂತಿದ್ದರೆ, ಅಥವಾ ಕಂಪನಿ ದುಡ್ಡು ಹಾಕಿರುವ ಪ್ರಾಜೆಕ್ಟ್ ಆಗಿದ್ದರೆ, ಒಂದು ವರ್ಷ ಕೊಡಬಹುದು. ಬೆಂಗಳೂರಿನ ಸಂಶೋಧನಾ ಸಂಸ್ಥೆಗಳಾದ ಸೆನ್ಸ್, ಜೆಎನ್‌ಸಿಎಎಸ್‌ಆರ್, ಐಐಎಸ್‌ಸಿಗಳಲ್ಲಿ ಪ್ರಾಜೆಕ್ಟ್ ಹುದ್ದೆಗಳು ಆಗಾಗ ಬರುತ್ತವೆ. ಕೇಂದ್ರ ಸರ್ಕಾರದ ಪ್ರಾಜೆಕ್ಟ್‌ಗಳಲ್ಲಿ ಪಿಎಚ್‌ಡಿ ಆದ ರಿಸರ್ಚ್ ಅಸೋಸಿಯೇಟ್‌ಗೆ 2023ರ ಜನವರಿಯಿಂದ ಶುರುವಿನ ದರ ತಿಂಗಳಿಗೆ 58,000 ರೂಪಾಯಿ, ಮನೆ ಬಾಡಿಗೆ ಭತ್ಯೆ ಬೇರೆ. ಅಷ್ಟು ದಿನ ಬೇಡ ಅಂದರೆ ಐಐಎಸ್‌ಸಿಯ ನ್ಯಾನೋ ಕೇಂದ್ರದಲ್ಲಿ ಹೊರಗಿನ ಕಾಲೇಜಿನವರಿಗಾಗಿಯೇ ಐಎನ್‌ಯುಪಿ ಅನ್ನುವ ತರಬೇತಿ ಕಾರ್ಯಕ್ರಮ ಇದೆ. ರಾಜ್ಯ ವಿಶ್ವವಿದ್ಯಾಲಯದವರು ಅದನ್ನು ಬಳಸಿಕೊಳ್ಳಲೇಬೇಕು.

ಅತಿಥಿ ಉಪನ್ಯಾಸಕಿ ಆಗುವುದು ಕೀಳಲ್ಲ. ಆದರೆ ‘ಕೆಲಸ ಸಿಗುವ ತನಕ’ ಅಂತ ಹೋದವರು ಅಲ್ಲೇ ವರ್ಷಗಟ್ಟಲೆ ಉಳಿಯುವುದನ್ನು ನೋಡಿದ್ದೇನೆ. ಲ್ಯಾಬ್ ಬಿಟ್ಟು ಎರಡು ವರ್ಷವಾದರೆ ಕಂಪನಿಯವರು ಮೊದಲು ಕೇಳುವುದೇ ಅದನ್ನು. ಅಪ್ಪನಿಗೆ ಸಮಾಧಾನ ಆಗಬೇಕಾದರೆ ಉಪನ್ಯಾಸಕರ ಅರ್ಹತಾ ಪರೀಕ್ಷೆಗಳಾದ ನೆಟ್ ಅಥವಾ ಕೆ-ಸೆಟ್ ಪಾಸ್ ಮಾಡಿಟ್ಟುಕೊಳ್ಳಿ. 2023ರ ಜುಲೈನಲ್ಲಿ ಯುಜಿಸಿ ನಿಯಮ ಬದಲಾಯಿತು. ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಕನಿಷ್ಠ ಅರ್ಹತೆ ನೆಟ್, ಸೆಟ್ ಅಥವಾ ಸ್ಲೆಟ್ ಅಂತಾಯಿತು. ಆ ಸರ್ಟಿಫಿಕೇಟ್ ಕೈಯಲ್ಲಿದ್ದರೆ ವಾಪಸ್ ಬರುವ ಬಾಗಿಲು ತೆರೆದೇ ಇರುತ್ತದೆ.

ಇಂಗ್ಲಿಷ್ ಬಗ್ಗೆ ನೀವು ನೇರವಾಗಿ ಕೇಳಿಲ್ಲ, ಆದರೂ ಕನ್ನಡ ಮಾಧ್ಯಮ ಅಂತ ಬರೆದಿರಿ. ನಿಮ್ಮ ಉಚ್ಚಾರ ಯಾರಿಗೂ ಬೇಕಾಗಿಲ್ಲ. ಸಣ್ಣ ಸಣ್ಣ ವಾಕ್ಯದಲ್ಲಿ ಏನು ಮಾಡಿದೆ, ಯಾಕೆ ಮಾಡಿದೆ, ಏನು ಬಂತು ಅಂತ ಹೇಳಲು ಬಂದರೆ ಸಾಕು. ನಿಮ್ಮ ಕೆಲಸವನ್ನು ಮೊದಲು ಕನ್ನಡದಲ್ಲಿ, ರಸಾಯನಶಾಸ್ತ್ರ ಓದದ ತಮ್ಮನಿಗೋ ತಂಗಿಗೋ ಹೇಳಿ. ಅವರಿಗೆ ಎಲ್ಲಿ ಅರ್ಥವಾಗಲಿಲ್ಲವೋ ಅಲ್ಲಿ ನಿಮಗೂ ಪೂರ್ತಿ ಅರ್ಥವಾಗಿಲ್ಲ ಅಂತ ಲೆಕ್ಕ. ಅದನ್ನು ಸರಿ ಮಾಡಿಕೊಂಡು ಆಮೇಲೆ ಇಂಗ್ಲಿಷ್‌ನಲ್ಲಿ ಮೊಬೈಲಿಗೆ ರೆಕಾರ್ಡ್ ಮಾಡಿ ಕೇಳಿ. ಗೊತ್ತಿಲ್ಲದ ಪ್ರಶ್ನೆಗೆ ‘ಗೊತ್ತಿಲ್ಲ, ಆದರೆ ಹೀಗೆ ಪರೀಕ್ಷೆ ಮಾಡಿ ನೋಡುತ್ತೇನೆ’ ಅನ್ನಬಹುದು.

ಸೇರಿದ ಮೇಲೆ ಎರಡು ವಿಷಯ ನುಂಗಿಕೊಳ್ಳುವುದು ಕಷ್ಟ. ಒಂದು, ಚೆನ್ನಾಗಿ ನಡೆಯುತ್ತಿದ್ದ ಪ್ರಾಜೆಕ್ಟನ್ನು ಒಂದು ಮೇಲ್‌ನಲ್ಲಿ ನಿಲ್ಲಿಸಿಬಿಡುತ್ತಾರೆ. ತಪ್ಪು ನಿಮ್ಮದಲ್ಲ, ಮಾರುಕಟ್ಟೆ ಬದಲಾಗಿರುತ್ತದೆ. ಇನ್ನೊಂದು, ನೋಟ್‌ಬುಕ್ ನಿಮ್ಮದಲ್ಲ. ಮಾಡಿದ್ದನ್ನು ಮಾಡಿದಾಗಲೇ ಬರೆಯಬೇಕು, ಸಂಜೆ ಚೀಟಿ ನೋಡಿ ತುಂಬಿಸುವ ಹಾಗಿಲ್ಲ. ವೈಟ್ನರ್ ಹಚ್ಚುವ ಹಾಗಿಲ್ಲ. ತಪ್ಪಾದರೆ ಒಂದು ಗೆರೆ ಎಳೆದು, ತಾರೀಖು ಹಾಕಿ ಸಹಿ ಮಾಡಬೇಕು. ಈ ಅಭ್ಯಾಸ ಇವತ್ತಿನಿಂದಲೇ ಶುರು ಮಾಡಿ, ಖರ್ಚೇನೂ ಇಲ್ಲ.

ಥೀಸಿಸ್ ಕೊಡುವ ಮೊದಲು ಇನ್ನೊಂದು ಕೆಲಸ ಇದೆ. ಅದರಲ್ಲಿ ಪೇಟೆಂಟ್ ಆಗುವಂಥದ್ದು ಏನಾದರೂ ಇದ್ದರೆ, ಪೇಪರ್ ಆಗಿ ಹೊರಗೆ ಬರದೆ ಉಳಿದಿದ್ದರೆ, ಈಗಲೇ ಗೈಡ್ ಜೊತೆ ಮಾತಾಡಿ. ಒಪ್ಪಿತವಾದ ಥೀಸಿಸ್ ಶೋಧಗಂಗಾ ಅನ್ನುವ ಆನ್‌ಲೈನ್ ಥೀಸಿಸ್ ಸಂಗ್ರಹಕ್ಕೆ ಹೋಗುತ್ತದೆ, ಯಾರು ಬೇಕಾದರೂ ಓದಬಹುದು. ಹಾಗೆ ಹೊರಗೆ ಬಂದದ್ದು ಆಮೇಲೆ ಹೊಸದು ಅನ್ನಿಸಿಕೊಳ್ಳುವುದಿಲ್ಲ. ನಮ್ಮ ಕಾನೂನಿನಲ್ಲಿ ಮೊದಲು ಪ್ರಾವಿಷನಲ್ ಅರ್ಜಿ ಹಾಕಿ, ಪೂರ್ತಿ ವಿವರ ಕೊಡಲು 12 ತಿಂಗಳು ತೆಗೆದುಕೊಳ್ಳಬಹುದು. ಆದರೆ ಸುಮ್ನೆ ಸಿ.ವಿ.ಗೆ ಒಂದು ಸಾಲು ಸೇರಿಸಲು ಪೇಟೆಂಟ್ ಹಾಕಬೇಡಿ. ಕಂಪನಿಯವರು ಅರ್ಜಿ ಸಂಖ್ಯೆ ಹಾಕಿ ತೆಗೆದು ಓದುತ್ತಾರೆ.

ಆಫರ್ ಬಂದಾಗ ಸಿಟಿಸಿ (ನಿಮಗಾಗಿ ಕಂಪನಿಗೆ ಬೀಳುವ ಒಟ್ಟು ಖರ್ಚು) ಅಂತ ದೊಡ್ಡ ಸಂಖ್ಯೆ ಕಾಣುತ್ತದೆ. ಅದರಲ್ಲಿ ಕಂಪನಿ ಕಟ್ಟುವ ಪಿಎಫ್, ಗ್ರಾಚ್ಯುಟಿ, ಸಿಗುತ್ತದೋ ಇಲ್ಲವೋ ಗ್ಯಾರಂಟಿ ಇಲ್ಲದ ವೇರಿಯಬಲ್ ಎಲ್ಲ ಸೇರಿರುತ್ತದೆ. ತಿಂಗಳಿಗೆ ಕೈಗೆ ಎಷ್ಟು ಅಂತ ಕೇಳಿ, ನಾಚಿಕೊಳ್ಳಬೇಡಿ. ಇನ್ನು, ಥೀಸಿಸ್ ಕೊಟ್ಟು ವೈವಾ ಆಗುವಷ್ಟರಲ್ಲಿ ತಿಂಗಳುಗಳೇ ಹಿಡಿಯುತ್ತವೆ. ಥೀಸಿಸ್ ಕೊಟ್ಟಿದ್ದರೆ ಸಾಕು ಅಂತ ತೆಗೆದುಕೊಳ್ಳುವ ಕಂಪನಿಗಳೂ ಇವೆ, ಡಿಗ್ರಿ ಕೈಯಲ್ಲಿರಬೇಕು ಅನ್ನುವವೂ ಇವೆ. ಹಾಗಾಗಿ ಅರ್ಜಿಯಲ್ಲೇ ‘ಥೀಸಿಸ್ ಸಲ್ಲಿಸುವುದು ಇಂಥ ತಿಂಗಳು’ ಅಂತ ಬರೆಯಿರಿ. ವೈವಾ ದಿನ ದಾವಣಗೆರೆಗೆ ಬರಲು ರಜೆ, ಪ್ರಾವಿಷನಲ್ ಸರ್ಟಿಫಿಕೇಟ್ ಕೊಡಲು ಎಷ್ಟು ಕಾಲಾವಕಾಶ, ಡಿಗ್ರಿ ಬಂದ ಮೇಲೆ ಹುದ್ದೆಯ ದರ್ಜೆ ಬದಲಾಗುತ್ತದಾ ಅನ್ನುವ ಮೂರನ್ನೂ ಸೇರುವ ಮೊದಲೇ ಎಚ್‌ಆರ್ ಕೈಯಲ್ಲಿ ಮೇಲ್‌ನಲ್ಲಿ ಬರೆಸಿಕೊಳ್ಳಿ.